ಮಾಳಿಗೆಯ ದೊಡ್ಡಮನೆ ಮತ್ತು ಹಿತ್ತಿಲ ತೋಟ: ದುರಸ್ತಿಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ದೊಡ್ಡಮನೆಯವನು, ಹೊಳಲ್ಕೆರೆ

ಮಾನ್ಯರೇ,

ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಮನೆತನಕ್ಕೆ ಸೇರಿದ ಮಾಳಿಗೆಮನೆ, ಅಂದರೆ ಮಣ್ಣು ಹೊದಿಸಿದ ಚಪ್ಪಟೆ ಛಾವಣಿಯ ಮನೆಯಿದೆ. ಮುತ್ತಜ್ಜನ ಕಾಲದಲ್ಲಿ ಕಟ್ಟಿಸಿದ್ದೆಂದು ಹಿರಿಯರು ಹೇಳುತ್ತಾರೆ. ನೂರು ವರ್ಷ ದಾಟಿರುವುದರಲ್ಲಿ ನಮಗೆ ಯಾರಿಗೂ ಅನುಮಾನವಿಲ್ಲ. ಇಪ್ಪತ್ನಾಲ್ಕು ಅಂಕಣದ (ಕಂಬಗಳ ನಡುವಿನ ಒಂದೊಂದು ಜಾಗವೂ ಒಂದು ಅಂಕಣ) ಮನೆ. ಹೆಬ್ಬಾಗಿಲು ದಾಟಿದರೆ ಎರಡೂ ಬದಿಗೆ ಕಲ್ಲಿನ ಗೋದಲಿಗಳಿರುವ ದನದ ಅಂಕಣಗಳು, ಅಲ್ಲಿಂದ ಎರಡಡಿ ಎತ್ತರಕ್ಕೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ಸುತ್ತ ತಲೆಯಲ್ಲಿ ತೊಲೆ ಹೊರುವ ಬೋದಿಗೆ ಕೆತ್ತಿದ ಮರದ ಕಂಬಗಳು, ಅದರ ಹಿಂದೆ ನಡುಮನೆ, ದೇವರಕೋಣೆ ಮತ್ತು ಅಡುಗೆಮನೆ. ಒಳಗಿನ ಕೋಣೆಗಳಿಗೆ ಬೆಳಕು ಬರುವುದು ಮಾಳಿಗೆಯ ಗವಾಕ್ಷಿಗಳಿಂದ ಮಾತ್ರ. ಗೋಡೆಗಳು ಮಣ್ಣಿನವು, ಕೆಲವೆಡೆ ಎರಡೂವರೆ ಅಡಿ ದಪ್ಪ, ತಳಪಾಯ ಕಲ್ಲಿನದು. ಹೆಬ್ಬಾಗಿಲ ಮುಂದಿನ ಕಟ್ಟೆಯ ಪಕ್ಕದಲ್ಲಿ ಬಾಯಿ ಮುಚ್ಚಿದ ಹಗೇವು (ಧಾನ್ಯ ತುಂಬಿಡುವ ನೆಲದಡಿಯ ಕಣಜ) ಇದೆ. ಹಿತ್ತಿಲಲ್ಲಿ ಎಕರೆಗೆ ತುಸು ಕಡಿಮೆ ತೋಟ. ಅದರಲ್ಲಿ ಹಿಂದೆ ಎತ್ತುಗಳಿಂದ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದ, ಈಗ ಒಣಗಿರುವ ಕಲ್ಲುಕಟ್ಟಡದ ಬಾವಿ, ಬಾವಿಯಿಂದ ಹೊರಟ ಕಲ್ಲುಗಾಲುವೆ, ಹಳೆಯ ಮಾವು, ಸಂಪಿಗೆ, ದೇವಕಣಗಿಲೆ, ಪತ್ರೆಯ ಮರ. ಉಳಿದ ಜಾಗವನ್ನೆಲ್ಲ ಲಂಟಾನ ಮತ್ತು ಬಳ್ಳಾರಿ ಜಾಲಿ ಆಕ್ರಮಿಸಿವೆ.

ತೊಂದರೆಗಳನ್ನು ಹೇಳುತ್ತೇನೆ. ಪಡಸಾಲೆಯ ಎರಡು ತೊಲೆಗಳು ಕಣ್ಣಿಗೆ ಕಾಣುವಷ್ಟು ಬಾಗಿವೆ ಮತ್ತು ಹಿಂಗಾರಿನಲ್ಲಿ ಅಲ್ಲಿಯೇ ಸೋರುತ್ತದೆ. ಹೊರಗೋಡೆಗಳ ಕೆಳಭಾಗಕ್ಕೆ ಹಿಂದೆ ಯಾವಾಗಲೋ ಸಿಮೆಂಟ್ ಗಿಲಾಯ ಮಾಡಿಸಲಾಗಿತ್ತು. ಈಗ ಅದು ಹಪ್ಪಳದಂತೆ ಎದ್ದು, ಹಿಂದಿನ ಮಣ್ಣು ಪುಡಿಯಾಗಿ ಉದುರುತ್ತಿದೆ. ಕಂಬಗಳಿಗೆ ಎಣ್ಣೆಬಣ್ಣ ಬಳಿದಿರುವುದರಿಂದ ಕೆತ್ತನೆಯೇ ಕಾಣುವುದಿಲ್ಲ. ಈ ನಡುವೆ ಹಳೆಯ ಮರದ ಸಾಮಾನು ಕೊಳ್ಳುವವರೊಬ್ಬರು ಬಂದು ಕಂಬ, ಬೋದಿಗೆ, ಹೆಬ್ಬಾಗಿಲಿಗೆ ಒಳ್ಳೆಯ ಬೆಲೆ ಹೇಳಿ ಹೋಗಿದ್ದಾರೆ. ನನ್ನ ಅಣ್ಣಂದಿರಿಗೆ ಅದನ್ನು ಮಾರಿ, ಮನೆ ಕೆಡವಿ, ಆರ್‌ಸಿಸಿ ಕಟ್ಟಡ ಕಟ್ಟುವ ಮನಸ್ಸಿದೆ. ನನಗೆ ಮನೆಯನ್ನೂ ತೋಟವನ್ನೂ ಉಳಿಸಿಕೊಳ್ಳುವ ಆಸೆ, ಆದರೆ ಹಣ ಒಂದೇ ಸಲಕ್ಕೆ ಒದಗುವುದಿಲ್ಲ. ಯಾವ ಕೆಲಸವನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಗಾರೆಯವರು, ದಾವಣಗೆರೆ

ನಾನು ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಮಧ್ಯ ಕರ್ನಾಟಕದ ಮಣ್ಣಿನ ಮನೆಗಳ ದುರಸ್ತಿಯಲ್ಲಿ ಹಲವು ವರ್ಷಗಳಿಂದ ತೊಡಗಿಕೊಂಡಿದ್ದೇನೆ. ತಮ್ಮ ವಿವರಣೆಯನ್ನು ಓದಿದರೆ ಸಿಮೆಂಟು, ಸೋರಿಕೆ, ಬಾಗಿದ ತೊಲೆ, ಒಣಗಿದ ಬಾವಿ ಎಲ್ಲವೂ ಬೇರೆಬೇರೆ ತೊಂದರೆಗಳಂತೆ ತೋರುತ್ತವೆ. ನನ್ನ ದೃಷ್ಟಿಯಲ್ಲಿ ಅವೆಲ್ಲವೂ ಒಂದೇ. ಇಂತಹ ಮನೆಯನ್ನು ಕಟ್ಟಿದವರು ಮಾಳಿಗೆಯ ಮೇಲೆ ಬಿದ್ದ ನೀರು ಎಲ್ಲಿ ಇಳಿಯಬೇಕು, ತೊಟ್ಟಿಯಿಂದ ಎತ್ತ ಹರಿಯಬೇಕು, ಕೊನೆಗೆ ತೋಟದ ಯಾವ ಮೂಲೆಯಲ್ಲಿ ಇಂಗಬೇಕು ಎಂಬುದನ್ನು ನಿರ್ಧರಿಸಿದ ಮೇಲೆಯೇ ಗೋಡೆ ಎಬ್ಬಿಸುತ್ತಿದ್ದರು. ಆ ದಾರಿ ಎಲ್ಲೆಲ್ಲಿ ಕಟ್ಟಿಹೋಗಿದೆಯೋ ಅಲ್ಲಲ್ಲಿ ಮನೆ ಕುಸಿಯುತ್ತದೆ. ಆದ್ದರಿಂದ ಮನೆ ಮೊದಲೋ ತೋಟ ಮೊದಲೋ ಎಂದು ಯೋಚಿಸದೆ, ಮಾಳಿಗೆಯಿಂದ ಬಾವಿಯವರೆಗಿನ ನೀರಿನ ಹಾದಿಯನ್ನು ಒಂದೇ ಕೆಲಸವೆಂದು ತಿಳಿದು ಮೇಲಿನಿಂದ ಕೆಳಕ್ಕೆ ಬನ್ನಿ.

ಮೊದಲು ಮಾಳಿಗೆ. ನಮ್ಮ ಕಡೆಯ ಮಾಳಿಗೆಗಳಲ್ಲಿ ತೊಲೆಯ ಮೇಲೆ ಅಡ್ಡಲಾಗಿ ಸಣ್ಣ ಮರಗಳ ಜಂತೆ, ಜಂತೆಯ ಮೇಲೆ ಸೀಳಿದ ಮರದ ಚಕ್ಕೆ ಅಥವಾ ಬಿದಿರು, ಅದರ ಮೇಲೆ ಬಂದರಿಕೆಯಂತಹ ಸೊಪ್ಪಿನ ಹಾಸು, ಅದರ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಕರಲು ಮಣ್ಣು ಇರುತ್ತದೆ. ಕರಲಿನಲ್ಲಿ ಸೋಡಿಯಂ ಹೆಚ್ಚಾಗಿರುವುದರಿಂದ ನೀರು ತಗುಲಿದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ತುಂಬುತ್ತವೆ ಮತ್ತು ನೀರು ಕೆಳಗಿಳಿಯದೆ ಮೇಲೆಯೇ ಜಾರಿಹೋಗುತ್ತದೆ. ಹೊಲಕ್ಕೆ ಶಾಪವಾದ ಗುಣವೇ ಮಾಳಿಗೆಗೆ ವರವಾಯಿತು. ಮಳೆಗಾಲಕ್ಕೆ ಮುನ್ನ ಪ್ರತಿವರ್ಷ ಹೊಸ ಕರಲು ಹರಡುವುದು ವಾಡಿಕೆ. ಆದರೆ ಹಳೆಯದನ್ನು ಕೆರೆದು ತೆಗೆಯುವ ವಾಡಿಕೆ ಎಲ್ಲ ಮನೆಗಳಲ್ಲಿಯೂ ಇರಲಿಲ್ಲ. ಒಂದು ಘನ ಅಡಿ ಮಣ್ಣು ಸುಮಾರು 45ರಿಂದ 50 ಕಿಲೋ ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. ಮಾಳಿಗೆಯ ಮಣ್ಣು ಒಂದು ಅಡಿಯಿಂದ ಒಂದೂವರೆ ಅಡಿಗೆ ಏರಿದ್ದರೆ, ನೂರು ಚದರ ಅಡಿಯ ಮೇಲೆ ಎರಡು ಟನ್ನಿಗೂ ಮೀರಿದ ಹೆಚ್ಚುವರಿ ಭಾರ ಕುಳಿತಿದೆ ಎಂದರ್ಥ. ತಮ್ಮ ಪಡಸಾಲೆಯ ತೊಲೆಗಳು ಬಾಗಿರುವುದಕ್ಕೆ ಗೆದ್ದಲಿಗಿಂತ ಮೊದಲು ನಾನು ಅನುಮಾನಿಸುವುದು ಈ ಭಾರವನ್ನು. ತೊಲೆ ಬಾಗಿದರೆ ಅಲ್ಲಿ ಗುಂಡಿಯಾಗುತ್ತದೆ, ಗುಂಡಿಯಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಸೋರುತ್ತದೆ, ಸೋರಿತೆಂದು ಮನೆಯವರು ಅಲ್ಲಿಗೇ ಮತ್ತಷ್ಟು ಮಣ್ಣು ಸುರಿಯುತ್ತಾರೆ.

ತೊಲೆಗಳ ಕೆಳಗೆ ಆಸರೆ ಕಂಬಗಳನ್ನು ನಿಲ್ಲಿಸಿದ ಮೇಲೆ, ಮಾಳಿಗೆಯ ಮೇಲಿನ ಮಣ್ಣನ್ನು ಎರಡೂ ಬದಿಯಿಂದ ಸಮನಾಗಿ ತೆಳುಪದರಗಳಲ್ಲಿ ತೆಗೆಸಿ. ಒಂದೇ ಕಡೆಯಿಂದ ತೆಗೆಯುತ್ತ ಹೋದರೆ ಕಂಬಗಳ ಚೌಕಟ್ಟು ವಾಲುವ ಅಪಾಯವಿದೆ. ಜಂತೆಗಳು ಕಂಡಾಗ ತೊಲೆಯ ತುದಿಗಳನ್ನು, ಅಂದರೆ ಗೋಡೆಯೊಳಗೆ ಹುದುಗಿದ ಭಾಗವನ್ನು ದಬ್ಬಳದಿಂದ ಚುಚ್ಚಿ ನೋಡಿ. ಮರ ಕೊಳೆಯಲು ಆರಂಭಿಸುವುದು ಅಲ್ಲಿಂದಲೇ. ತುದಿ ಮಾತ್ರ ಕೆಟ್ಟಿದ್ದರೆ ಇಡೀ ತೊಲೆಯನ್ನು ಬದಲಿಸುವ ಅಗತ್ಯವಿಲ್ಲ, ಅದೇ ಜಾತಿಯ ಒಣಮರವನ್ನು ಓರೆಗಚ್ಚಿನಿಂದ (ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಿ ಕೂಡಿಸಿ) ಬೆಸೆಯಬಲ್ಲ ಬಡಗಿಗಳು ಈಗಲೂ ಇದ್ದಾರೆ. ಮತ್ತೆ ಹೊದಿಸುವಾಗ ಆರರಿಂದ ಎಂಟು ಅಂಗುಲ ಮಣ್ಣು ಸಾಕು, ಆದರೆ ನೀರು ಹೊರಗೆ ಬೀಳುವ ಕಲ್ಲಿನ ದೋಣಿಗಳ ಕಡೆಗೆ ಇಳಿಜಾರು ಇರಲೇಬೇಕು.

ಎರಡನೆಯದು ಗೋಡೆಯ ಬುಡ. ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ತೇವವನ್ನು ಹೀರುತ್ತದೆ, ಹಾಗೆಯೇ ಅದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟ್ ಹೊದಿಸಿದರೆ ತೇವಕ್ಕೆ ಹೊರದಾರಿ ಇಲ್ಲವಾಗುತ್ತದೆ. ಅದು ಒಳಗೇ ಕುಳಿತು ಲವಣಗಳೊಡನೆ ಮಣ್ಣನ್ನು ಸಡಿಲಗೊಳಿಸುತ್ತದೆ. ತಾವು ನೋಡುತ್ತಿರುವುದು ಅದನ್ನೇ. ಸಿಮೆಂಟನ್ನು ಸುತ್ತಿಗೆಯಿಂದ ಬಡಿದು ತೆಗೆಸಬೇಡಿ, ಅಂಚಿನಿಂದ ಉಳಿಯಲ್ಲಿ ಎಬ್ಬಿಸಿ. ಬಳಿಕ ಒಂದು ಬೇಸಿಗೆ ಪೂರ್ತಿ ಗೋಡೆ ಒಣಗಲಿ. ಮಣ್ಣಿಗೆ ಮಣ್ಣೇ ಮದ್ದು: ಹುಲ್ಲು ಕೊಚ್ಚಿ ಹಾಕಿ ಕೊಳೆಸಿದ ಮಣ್ಣಿನ ಗಿಲಾಯ, ಅದರ ಮೇಲೆ ಸುಣ್ಣದ ತೆಳುಬಳಿತ. ಪ್ಲಾಸ್ಟಿಕ್ ಗುಣದ ಬಣ್ಣಗಳು ಬೇಡವೇ ಬೇಡ. ಸುಣ್ಣ ಮರಳಿನ ಗಾರೆಯನ್ನು ಕಲ್ಲಿನ ತಳಪಾಯದ ಸಂದುಗಳಿಗೆ, ತೊಟ್ಟಿಯ ನೆಲಕ್ಕೆ, ಬಾವಿಕಟ್ಟೆಗೆ ಬಳಸಿ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸುವಾಗ ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕವಿಲ್ಲದೆ ಯಾರೂ ಹತ್ತಿರ ನಿಲ್ಲಬಾರದು. ಅರಳಿದ ಸುಣ್ಣವನ್ನು ನೀರಿನಡಿಯಲ್ಲಿ ಕೆಲವು ವಾರಗಳಾದರೂ ಇರಿಸಿ, ಒಂದು ಪಾಲಿಗೆ ಸುಮಾರು ಮೂರು ಪಾಲು ಮರಳು ಸೇರಿಸಿ ಅರೆಯಬೇಕು. ಸದಾ ತೇವವಿರುವ ಜಾಗವಾದರೆ ಮರಳಿನ ಒಂದಂಶಕ್ಕೆ ಬದಲಾಗಿ ಇಟ್ಟಿಗೆಪುಡಿಯ ಸುರ್ಕಿ ಹಾಕಿ. ಬೆಲ್ಲ, ಅಳಲೆಕಾಯಿಗಳ ನೀರನ್ನು ಹಿಂದಿನವರು ಬಳಸುತ್ತಿದ್ದರು. ಅದಕ್ಕೆ ಪ್ರಯೋಜನವಿದೆ, ಆದರೆ ಗಾರೆಯ ಗುಣ ಮುಖ್ಯವಾಗಿ ಅರೆತದಲ್ಲಿ ಮತ್ತು ನಿಧಾನವಾಗಿ ಒಣಗಿಸುವುದರಲ್ಲಿದೆ. ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುವುದರಿಂದ ಬಿರುಬಿಸಿಲಿನಲ್ಲಿ ಈ ಕೆಲಸ ಕೂಡದು. ದೀಪಾವಳಿಯ ನಂತರ ಆರಂಭಿಸಿ ಶಿವರಾತ್ರಿಯೊಳಗೆ ಮುಗಿಸುವುದು ಒಳ್ಳೆಯದು. ಮಾಳಿಗೆಯ ಮಣ್ಣಿನ ಕೆಲಸ ರೋಹಿಣಿ ಮಳೆಗೆ ಮುನ್ನ ಮುಗಿದಿರಬೇಕು.

ಹಗೇವಿನ ಬಗ್ಗೆ ಒಂದು ಎಚ್ಚರಿಕೆ. ಅದು ಕಟ್ಟೆಗೆ ತಾಗಿಕೊಂಡಿದ್ದು ಒಳಗೆ ಮಳೆನೀರು ಸೇರುತ್ತಿದ್ದರೆ ಹೆಬ್ಬಾಗಿಲ ಗೋಡೆಯ ತಳವೇ ಜಾರಬಹುದು. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಿರುತ್ತದೆ, ವಿಷಾನಿಲಗಳೂ ಇರಬಹುದು. ಹಿರಿಯರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಉರಿಯಿತೆಂಬ ಮಾತ್ರಕ್ಕೆ ಎಲ್ಲ ವಿಷಾನಿಲಗಳೂ ಇಲ್ಲವೆಂದು ತಿಳಿಯಬಾರದು, ಹೊತ್ತಿಕೊಳ್ಳುವ ಅನಿಲವಿದ್ದರೆ ದೀಪವೇ ಅಪಾಯ. ಅನಿಲಮಾಪಕ ಇರುವವರನ್ನು ಕರೆಸದೆ ಯಾರನ್ನೂ ಇಳಿಸಬೇಡಿ.

ಮಣ್ಣಿನ ಗೋಡೆ ಬಾಳುವುದಿಲ್ಲವೆಂದು ತಮ್ಮ ಅಣ್ಣಂದಿರು ವಾದಿಸಿದರೆ ಅವರನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿ. ದುರ್ಗ ಹೈದರಾಲಿಯ ವಶವಾದದ್ದು 1779ರಲ್ಲಿ. ಅಲ್ಲಿನ ಅರಮನೆಯ ಆವರಣದ ಮಣ್ಣಿನ ಗೋಡೆಗಳು ಮಾಳಿಗೆ ಕಳೆದುಕೊಂಡ ಮೇಲೆಯೂ ನಿಂತಿವೆ.

ಉತ್ತರ 2: ಕಡತ ಓದುವವನು, ಚಿತ್ರದುರ್ಗ

ಕಂಬಗಳ ಮಾರಾಟದ ಬಗ್ಗೆ ಮಾತ್ರ ಬರೆಯುತ್ತೇನೆ. 1972ರ ಪ್ರಾಚ್ಯವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ ಮತ್ತು ಕೈಕುಶಲದ ವಸ್ತುಗಳು ಪ್ರಾಚ್ಯವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತವೆ. ಕಟ್ಟಡದಿಂದ ಬೇರ್ಪಡಿಸಿದ ವಸ್ತುಗಳನ್ನೂ ಆ ವ್ಯಾಖ್ಯೆ ಸ್ಪಷ್ಟವಾಗಿ ಹೆಸರಿಸುತ್ತದೆ. ಅಂತಹ ವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ತಮ್ಮ ಮನೆಯ ಕಂಬಗಳು ಈ ವ್ಯಾಖ್ಯೆಗೆ ಒಳಪಡುತ್ತವೆಯೇ ಎಂಬುದನ್ನು ತೀರ್ಮಾನಿಸಬೇಕಾದವರು ಪುರಾತತ್ವ ಇಲಾಖೆಯವರೇ ಹೊರತು ಬೆಲೆ ಹೇಳಲು ಬಂದ ವ್ಯಾಪಾರಿಯಲ್ಲ. ಆ ವ್ಯಾಪಾರಿಯ ಪರವಾನಗಿಯನ್ನು ತೋರಿಸಲು ಕೇಳಿ ನೋಡಿ. ಬಹುಶಃ ಅಲ್ಲಿಗೇ ಮಾತುಕತೆ ಮುಗಿಯುತ್ತದೆ.

ಇನ್ನೊಂದು ವಿಷಯ. ತಾವು ಅಣ್ಣಂದಿರ ಮಾತು ಹೇಳಿದ್ದೀರಿ, ಅಕ್ಕತಂಗಿಯರ ಮಾತು ಹೇಳಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದಲ್ಲಿ ಬಂದ 1994ರ ತಿದ್ದುಪಡಿ, ಆಮೇಲೆ ದೇಶಕ್ಕೆಲ್ಲ ಅನ್ವಯಿಸುವ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿವೆ. ಮನೆ ವಿಭಾಗವಾಗಿಲ್ಲದಿದ್ದರೆ ಕಂಬ ಕೀಳುವ ತೀರ್ಮಾನವಾಗಲಿ, ದುರಸ್ತಿಗೆ ಸಾಲ ತೆಗೆಯುವ ತೀರ್ಮಾನವಾಗಲಿ, ಎಲ್ಲರ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯಬೇಡಿ. ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ಮನೆ ಯಾರ ಹೆಸರಿನಲ್ಲಿದೆ, ಹಿತ್ತಿಲು ಮನೆಯ ಅಳತೆಯೊಳಗೆ ಸೇರಿದೆಯೋ ಅಥವಾ ಬೇರೆ ಪಹಣಿಯಲ್ಲಿದೆಯೋ ಎಂಬುದನ್ನು ಮೊದಲೇ ನೋಡಿಕೊಳ್ಳಿ. ತೋಟದ ದೊಡ್ಡ ಮರಗಳನ್ನು ಕಡಿಯುವ ಪ್ರಸಂಗ ಬಂದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಉತ್ತರ 3: ಬಾವಿಕಟ್ಟೆ, ಸಂತೇಬೆನ್ನೂರು

ಗಾರೆಯವರು ಹೇಳಿದ ನೀರಿನ ಹಾದಿಯನ್ನು ತೋಟದ ಕಡೆಯಿಂದ ಮುಂದುವರಿಸುತ್ತೇನೆ. ನಮ್ಮೂರಿನ ಪುಷ್ಕರಿಣಿಯನ್ನು ನೋಡಲು ಬರುವವರು ನಡುವಿನ ಮಂಟಪದ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಹದಿನಾರನೆಯ ಶತಮಾನದಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ ಆ ಹೊಂಡಕ್ಕೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳುವವರು ಕಡಿಮೆ. ಚಿತ್ರದುರ್ಗದಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ ಮತ್ತು ಸಂತೆ ಹೊಂಡಕ್ಕೆ ಇಳಿಯುವ ಏರ್ಪಾಡನ್ನು ತಾವು ಬಲ್ಲಿರಿ. ತಮ್ಮ ಹಿತ್ತಿಲ ಬಾವಿಯೂ ಅದೇ ಬುದ್ಧಿಯ ಸಣ್ಣ ರೂಪವಾಗಿರಬಹುದು. ತೊಟ್ಟಿಯ ಮೂಲೆಯಲ್ಲಿ ನೀರು ಹೊರಹೋಗುವ ಕಿಂಡಿ ಇದ್ದೇ ಇರುತ್ತದೆ. ಆ ಕಿಂಡಿಯ ಇನ್ನೊಂದು ತುದಿ ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದನ್ನು ಲಂಟಾನ ಸವರಿದ ಮೇಲೆ ಹುಡುಕಿ.

ಲೆಕ್ಕವನ್ನೂ ಹಾಕಿ ನೋಡಿ. ನಮ್ಮ ಸೀಮೆಯಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ನೂರು ಚದರ ಮೀಟರ್ ಮಾಳಿಗೆಯ ಮೇಲೆ ಅಷ್ಟು ಮಳೆ ಬಿದ್ದರೆ 60,000 ಲೀಟರ್. ಮಣ್ಣು ಹೀರಿದ್ದು, ಆವಿಯಾದದ್ದು ಕಳೆದರೂ ಅರ್ಧಕ್ಕಿಂತ ಹೆಚ್ಚು ಉಳಿಯುವ ಸಂಭವವಿದೆ. ಮಾಳಿಗೆಯ ನೀರು ಕೆಸರನ್ನೂ ಕರಲಿನ ಉಪ್ಪನ್ನೂ ಹೊತ್ತು ತರುವುದರಿಂದ ನೇರವಾಗಿ ಬಾವಿಗೆ ಬಿಡಬೇಡಿ, ಗಿಡಗಳ ಬುಡಕ್ಕೂ ಬಿಡಬೇಡಿ. ಮೊದಲ ಮಳೆಗಳ ನೀರನ್ನು ಹೊರಗೆ ಹರಿಸಿ, ನಂತರದ್ದನ್ನು ಬಾವಿಗಿಂತ ಹದಿನೈದು ಇಪ್ಪತ್ತು ಅಡಿ ಆಚೆ ತೋಡಿದ ಇಂಗುಗುಂಡಿಗೆ ಕಳುಹಿಸಿ. ಸುತ್ತಲಿನ ಕೊಳವೆಬಾವಿಗಳಿಂದಾಗಿ ತೆರೆದ ಬಾವಿಗಳು ಬತ್ತಿರುವುದು ನಿಜ, ಇಷ್ಟರಿಂದಲೇ ತಮ್ಮ ಬಾವಿ ತುಂಬಿ ತುಳುಕುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಗೋಡೆಯ ಬುಡಕ್ಕೆ ಹೋಗುತ್ತಿದ್ದ ನೀರು ಅಲ್ಲಿಂದ ದೂರವಾಗುತ್ತದೆ, ಮನೆಗೆ ಬೇಕಾದದ್ದೂ ಅದೇ.

ಬಾವಿಯ ಹೂಳೆತ್ತುವ ಮುನ್ನ ಒಳಗೋಡೆಯ ಕಲ್ಲುಗಳ ನಡುವೆ ಬೆಳೆದ ಅರಳಿ, ಬಸರಿ ಸಸಿಗಳನ್ನು ಗಮನಿಸಿ. ಮೇಲೆ ಕತ್ತರಿಸಿದರೆ ಬೇರು ಮತ್ತಷ್ಟು ದಪ್ಪವಾಗುತ್ತದೆ. ಜಗ್ಗಿ ಕಿತ್ತರೆ ಕಲ್ಲೇ ಬರುತ್ತದೆ. ಸುತ್ತಲಿನ ಕಲ್ಲುಗಳಿಗೆ ಗುರುತು ಹಾಕಿ ಬಿಚ್ಚಿ, ಬೇರು ತೆಗೆದು, ಅದೇ ಕಲ್ಲನ್ನು ಗಾರೆಯಲ್ಲಿ ಮತ್ತೆ ಕೂರಿಸುವುದು ಉಳಿದಿರುವ ದಾರಿ. ಕಪಿಲೆಯ ಎತ್ತುಗಳು ಇಳಿಯುತ್ತಿದ್ದ ಇಳಿಜಾರು ಈಗಲೂ ಉಳಿದಿದ್ದರೆ ದಯಮಾಡಿ ಅದನ್ನು ಸಮತಟ್ಟು ಮಾಡಿಸಬೇಡಿ. ಕಂಬದ ಕೆತ್ತನೆಯಷ್ಟೇ ಅದೂ ಈ ಮನೆಯ ಭಾಗ, ಒಮ್ಮೆ ಜೆಸಿಬಿ ಓಡಿದರೆ ಮರಳಿ ಸಿಗದು.

ಗಿಡಗಳ ವಿಷಯದಲ್ಲಿ ಹಳೆಯ ಕಾಲದ್ದೇ ಬೇಕೆಂಬ ಹಟ ಅತಿಯಾಗಬಾರದು. ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಬೆಳೆದಿರುವ ದೇವಕಣಗಿಲೆಯೂ ನಾಗಲಿಂಗವೂ ಅಮೆರಿಕ ಖಂಡಗಳಿಂದ ಬಂದವು. ಇಂದು ಅವಿಲ್ಲದ ಅಂಗಳವನ್ನು ಊಹಿಸಲಾಗದು. ಆದರೆ ಇಂತಹ ಮನೆಗಳನ್ನು ಪ್ರವಾಸಿಗರಿಗೆ ತೆರೆಯುವ ಉತ್ಸಾಹದಲ್ಲಿ ಹುಲ್ಲುಹಾಸು ಹಾಸುವುದನ್ನು ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ನೂರು ಚದರ ಮೀಟರ್ ಹುಲ್ಲಿಗೆ ದಿನಕ್ಕೆ 400ರಿಂದ 500 ಲೀಟರ್ ನೀರು ಬೇಕು, ಆ ನೀರು ಮನೆಯ ಅಂಚಿನಲ್ಲಿಯೇ ಇಂಗುತ್ತದೆ. ಗೋಡೆಯಿಂದ ಆರೇಳು ಅಡಿಯವರೆಗೆ ಕಲ್ಲುಚಪ್ಪಡಿಯನ್ನು ಹೊರಮುಖದ ಇಳಿಜಾರಿನಲ್ಲಿ ಹಾಸಿ, ಅದರಾಚೆಗೆ ಮಲ್ಲಿಗೆ, ಕನಕಾಂಬರ, ಪಾರಿಜಾತ, ಕರಿಬೇವು, ನುಗ್ಗೆ. ಬಳ್ಳಾರಿ ಜಾಲಿಯನ್ನು ಬುಡಸಮೇತ ತೆಗೆಯದಿದ್ದರೆ ಮರುವರ್ಷ ಮತ್ತೆ ಚಿಗುರುತ್ತದೆ; ಹಣ್ಣಾಗುವ ಮುನ್ನವೇ ತೆಗೆಸಿ.

ಉತ್ತರ 4: ಮಾಳಿಗೆಮನೆಯ ಸೊಸೆ, ಜಗಳೂರು

ಮೇಲಿನ ಮೂವರ ಮಾತನ್ನೂ ಗೌರವದಿಂದ ಓದಿದೆ. ಇಂತಹ ಮನೆಯಲ್ಲಿ ಸಂಸಾರ ಮಾಡಿದವಳಾಗಿ ಒಂದೆರಡು ಮಾತು ಸೇರಿಸುತ್ತೇನೆ. ಮಾಳಿಗೆಮನೆ ಬೇಸಿಗೆಯಲ್ಲಿ ತಂಪಾಗಿರುತ್ತದೆ ಎಂದು ಹೊಗಳುವವರು ಸಾಮಾನ್ಯವಾಗಿ ಪಡಸಾಲೆಯಲ್ಲಿ ಕುಳಿತವರು. ಅಡುಗೆಮನೆಯ ಹೊಗೆ, ಜಂತೆಯ ಸಂದಿನಿಂದ ಅನ್ನದ ತಟ್ಟೆಗೆ ಉದುರುವ ಮಣ್ಣು, ರಾತ್ರಿ ಹಿತ್ತಿಲಿಗೆ ಹೋಗಬೇಕಾದ ಅವಸ್ಥೆ, ಇವುಗಳನ್ನು ಸರಿಪಡಿಸದೆ ಕಂಬದ ಕೆತ್ತನೆಗೆ ಹಣ ಸುರಿದರೆ ಮನೆ ಉಳಿಯಬಹುದು, ಅದರಲ್ಲಿ ವಾಸಿಸುವವರು ಉಳಿಯುವುದಿಲ್ಲ. ಅಣ್ಣಂದಿರು ಆರ್‌ಸಿಸಿ ಬೇಕೆನ್ನುವುದಕ್ಕೆ ಅತ್ತಿಗೆಯವರ ಕಾರಣಗಳೂ ಇರಬಹುದು, ಅವರನ್ನು ಕೇಳಿದ್ದೀರಾ?

ನಾವು ಮಾಡಿದ ಏರ್ಪಾಡು ಹೀಗಿದೆ. ಬಚ್ಚಲು ಮತ್ತು ಶೌಚಾಲಯವನ್ನು ಹಳೆಯ ಗೋಡೆಗೆ ತಾಗಿಸದೆ, ಹಿತ್ತಿಲ ಬಾಗಿಲಿಗೆ ಎದುರಾಗಿ ಬೇರೆ ಕಟ್ಟಿ, ನಡುವಿನ ಜಾಗಕ್ಕೆ ಹೆಂಚಿನ ಸೂರು ಹಾಕಿದೆವು. ನೀರಿನ ಕೊಳವೆಯೊಂದೂ ಮಣ್ಣಿನ ಗೋಡೆಯೊಳಗೆ ಹೋಗುವುದಿಲ್ಲ. ಒಡೆದರೆ ಕಣ್ಣಿಗೆ ಕಾಣುತ್ತದೆ. ದನದ ಅಂಕಣಗಳು ಈಗ ಅಡುಗೆಮನೆ ಮತ್ತು ಊಟದ ಜಾಗ, ಗೋದಲಿಗಳು ಹಾಗೆಯೇ ಇವೆ. ಗವಾಕ್ಷಿಗಳಿಗೆ ದಪ್ಪ ಗಾಜು ಕೂರಿಸಿ, ಗಾಳಿಯಾಡಲು ಅಂಚಿನಲ್ಲಿ ಜಾಲರಿ ಬಿಟ್ಟಿದ್ದೇವೆ. ವೈರಿಂಗನ್ನು ಹೊಸದಾಗಿ ಮಾಡಿಸಿ. ಒಣಸೊಪ್ಪು, ಒಣಮರ ತುಂಬಿದ ಮಾಳಿಗೆಯ ಕೆಳಗೆ ಹಳೆಯ ತಂತಿಗಳನ್ನು ನಂಬುವುದು ಸರಿಯಲ್ಲ.

ಮರುಪ್ರಶ್ನೆ: ದೊಡ್ಡಮನೆಯವನು, ಹೊಳಲ್ಕೆರೆ

ಎಲ್ಲರಿಗೂ ವಂದನೆಗಳು. ಜಗಳೂರಿನ ಅಕ್ಕನವರು ಕೇಳಿದ್ದು ಸರಿ. ಅತ್ತಿಗೆಯವರ ಮುಖ್ಯ ಆಕ್ಷೇಪ ಶೌಚಾಲಯದ್ದೇ. ನನಗೆ ಇಬ್ಬರು ಅಕ್ಕಂದಿರಿದ್ದು, ಇಬ್ಬರಿಗೂ ಮನೆ ಉಳಿಯಬೇಕೆಂಬ ಇಚ್ಛೆಯಿದೆ. ಗಾರೆಯವರಲ್ಲಿ ಎರಡು ಪ್ರಶ್ನೆಗಳು. ಮಾಳಿಗೆಯ ಕೆಲಸಕ್ಕೆ ಹಣ ಹೊಂದುವವರೆಗೆ ಮೇಲೆ ತಗಡು ಹೊದಿಸಬಹುದೇ? ಮಣ್ಣಿನ ಗೋಡೆ ಉಳಿಸಿಕೊಂಡೇ ಮೇಲೆ ಆರ್‌ಸಿಸಿ ಹಾಕಿದರೆ ಇಬ್ಬರ ಮಾತೂ ನಡೆದಂತಾಗುತ್ತದೆ ಎಂದು ಹಿರಿಯಣ್ಣ ಹೇಳುತ್ತಾರೆ, ಅದು ಸಾಧ್ಯವೇ?

ಉತ್ತರ 5: ಗಾರೆಯವರು, ದಾವಣಗೆರೆ

ತಗಡು ಹೊದಿಸಬಹುದು, ತಾತ್ಕಾಲಿಕವಾಗಿ. ಆದರೆ ಅದರ ಕಾಲುಗಳನ್ನು ಮಾಳಿಗೆಯ ಮೇಲೆ ಅಥವಾ ಅದರ ಅಂಚಿನ ಗಿಡ್ಡಗೋಡೆಯಾದ ಕುಂಬಿಯ ಮೇಲೆ ನಿಲ್ಲಿಸದೆ, ಮನೆಯ ಹೊರಗೆ ನೆಲದಲ್ಲಿ ನಿಲ್ಲಿಸಬೇಕು. ಮಾಳಿಗೆಗೂ ತಗಡಿಗೂ ನಡುವೆ ಆಳೆತ್ತರವಾದರೂ ಜಾಗವಿದ್ದರೆ ಗಾಳಿಯಾಡುತ್ತದೆ, ಕೆಳಗೆ ನಿಂತು ಕೆಲಸವನ್ನೂ ಮಾಡಬಹುದು. ತಗಡಿನ ನೀರು ಒಂದೇ ಸಾಲಿನಲ್ಲಿ ರಭಸದಿಂದ ಬೀಳುವುದರಿಂದ ಅಂಚಿಗೆ ದೋಣಿಯಿಲ್ಲದೆ ಬಿಟ್ಟರೆ ಗೋಡೆಯ ಬುಡಕ್ಕೆ ಮೊದಲಿಗಿಂತ ಹೆಚ್ಚು ಹಾನಿಯಾಗುತ್ತದೆ. ಆ ದೋಣಿಯ ನೀರು ಶುದ್ಧವಾಗಿರುವುದರಿಂದ ಬಾವಿಕಟ್ಟೆಯವರು ಹೇಳಿದ ಇಂಗುಗುಂಡಿಗೆ ನಿರಾತಂಕವಾಗಿ ಬಿಡಬಹುದು. ಹೊದಿಕೆ ಬಂದೊಡನೆ ಹಳೆಯ ಮಣ್ಣನ್ನು ಇಳಿಸಲು ಆರಂಭಿಸಿ, ಅದಕ್ಕೆ ಕೂಲಿಯ ಹೊರತು ಖರ್ಚಿಲ್ಲ.

ಆರ್‌ಸಿಸಿ ಬೇಡ. ಕೇವಲ ಐದು ಅಂಗುಲ ದಪ್ಪದ ಕಾಂಕ್ರೀಟ್ ಹಲಗೆಯೂ ಚದರ ಅಡಿಗೆ ಸುಮಾರು 30 ಕಿಲೋ ತೂಗುತ್ತದೆ. ಭಾರಕ್ಕಿಂತ ದೊಡ್ಡ ತೊಡಕೆಂದರೆ ಅದು ಬಿಸಿಲಿಗೆ ಹಿಗ್ಗಿ ಕುಗ್ಗುತ್ತದೆ ಮತ್ತು ಆ ಎಳೆತಕ್ಕೆ ಗೋಡೆಯ ತಲೆಭಾಗ ಬಿರಿಯುತ್ತದೆ. ಈಗಿನ ಏರ್ಪಾಡಿನಲ್ಲಿ ಭಾರವನ್ನು ಹೊತ್ತಿರುವುದು ಬಹುಪಾಲು ಕಂಬಗಳೇ. ಕಂಬ ತೆಗೆದು ಹಲಗೆಯನ್ನು ಗೋಡೆಗೆ ಹೊರಿಸಿದರೆ ಮಣ್ಣಿನ ಗೋಡೆ ತನಗೆ ಎಂದೂ ಒಪ್ಪಿಸದ ಕೆಲಸವನ್ನು ಮಾಡಬೇಕಾಗುತ್ತದೆ. ಹಿರಿಯಣ್ಣನವರಿಗೆ ಆರ್‌ಸಿಸಿಯೇ ಬೇಕಿದ್ದರೆ ಹಿತ್ತಿಲ ಅಂಚಿನಲ್ಲಿ, ಬಾವಿಗೂ ಕಾಲುವೆಗೂ ಅಡ್ಡಬಾರದಂತೆ ಎರಡು ಕೋಣೆ ಮತ್ತು ಶೌಚಾಲಯವನ್ನು ಬೇರೆಯಾಗಿ ಕಟ್ಟಿಕೊಳ್ಳಲಿ.

ಕಂಬದ ಎಣ್ಣೆಬಣ್ಣದ ಬಗ್ಗೆ ಹಿಂದೆ ಬರೆಯಲಿಲ್ಲ. ಅದಕ್ಕೆ ಆತುರವಿಲ್ಲ, ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವುದುಂಟು, ಆದ್ದರಿಂದ ಒಣಗಿದಂತೆಯೇ ಉಜ್ಜುವುದು, ಬೆಂಕಿಯಿಂದ ಸುಡುವುದು ಎರಡೂ ಬೇಡ. ಬಣ್ಣ ಸಡಿಲಿಸುವ ದ್ರಾವಣ ಹಚ್ಚಿ ಮರದ ಚಮಚದಿಂದ ಎಬ್ಬಿಸಬೇಕು, ಮಕ್ಕಳು ಆ ಕಡೆ ಸುಳಿಯಬಾರದು. ಸದ್ಯಕ್ಕೆ ಬಾಗಿದ ಎರಡು ತೊಲೆಗಳ ಕೆಳಗೆ ಆಸರೆ ನಿಲ್ಲಿಸಿ, ಮಾಳಿಗೆಯ ಮಣ್ಣಿನ ದಪ್ಪವನ್ನು ನಾಲ್ಕಾರು ಕಡೆ ಕಬ್ಬಿಣದ ಸರಳಿನಿಂದ ಅಳೆದು, ತೊಲೆಗಳ ಉದ್ದ ಅಗಲಗಳೊಡನೆ ಇಲ್ಲಿಯೇ ಬರೆಯಿರಿ.